ನಡೆದು ಬಂದ ಹಕ್ಕಿ

ಒಂದು ಹಕ್ಕಿಯನ್ನು ಕೊಂದು ಹೆಮ್ಮೆಪಟ್ಟವನು ನಾನು.

ಸರ್ಜಾಪುರದ ನಮ್ಮ ತಾರಸಿಯ ಮೇಲೆ ರೇಸಿನ ಪಾರಿವಾಳಗಳ ಗೂಡಿತ್ತು. ಹಕ್ಕಿಯ ಕಾಲಿನ ಉಂಗುರದಲ್ಲಿ ಚಿಪ್ ಇರುತ್ತದೆ. ದೂರದ ಊರಿನಲ್ಲಿ ಹಾರಿಬಿಟ್ಟ ಹಕ್ಕಿ ಮರಳಿ ಬಂದು ಗೂಡಿನ ಬಾಗಿಲು ದಾಟಿದರೆ ಯಂತ್ರ ಕೂಗಿ ನಂಬರು ತೋರಿಸುತ್ತದೆ.

ಒಂದು ರೇಸಿನಲ್ಲಿ ದಾರಿ ತಪ್ಪಿದ ನನ್ನ 417ನೇ ನಂಬರಿನ ಹಕ್ಕಿ ಹನ್ನೊಂದು ದಿನದ ಮೇಲೆ ರೆಕ್ಕೆ ಮುರಿದುಕೊಂಡು, ಮೆಟ್ಟಿಲು ಹತ್ತಿ, ನಡೆದೇ ಬಂತು. ದಾರಿ ತಪ್ಪಿದ್ದನ್ನು ಇಟ್ಟುಕೊಂಡರೆ ಗೂಡೇ ಕೆಡುತ್ತದೆ ಎನ್ನುವುದು ರೇಸಿನವರ ನಂಬಿಕೆ. ನಾನು ಅದರ ಕತ್ತು ತಿರುಚಿ ಕೊಂದೆ. ಉಂಗುರವನ್ನು ಕತ್ತರಿಸಿ ಬೀರುವಿನಲ್ಲಿಟ್ಟೆ.

"ಮನೆ ಹುಡುಕ್ಕೊಂಡು ಬಂದಿದ್ದನ್ನ ಕೊಂದ್ಬಿಟ್ರಲ್ಲಾ!" ಎಂದಳು ಹೆಂಡತಿ ಅನುಸೂಯಮ್ಮ.

"ರೇಸಿನ ವಿಚಾರ ನಿಂಗೇನ್ ಗೊತ್ತೇ? ಸುಮ್ನಿರು."

ಮುಂದಿನ ರೇಸಿನ ದಿನ ಮಧ್ಯಾಹ್ನ, ಆಕಾಶ ಇನ್ನೂ ಖಾಲಿಯಿದ್ದಾಗಲೇ, ಮೆಟ್ಟಿಲ ಮೇಲೆ ಉಗುರಿನ ಸದ್ದು ಕೇಳಿಸಿತು. ಯಾವ ಹಕ್ಕಿಯೂ ಕಾಣಲಿಲ್ಲ. ಯಂತ್ರ ಕೂಗಿತು: 417. ರೇಸಿಗೆ ಹೋಗದೆ ಗೂಡಿನೊಳಗಿದ್ದ ಹಕ್ಕಿಗಳು ಸರಿದು ಒಂದು ಹಕ್ಕಿ ಕೂರುವಷ್ಟು ಜಾಗ ಬಿಟ್ಟವು.

ಆಮೇಲೆ ಪ್ರತಿ ರೇಸಿನಲ್ಲೂ ಹೀಗೇ ಆಯಿತು. ಕೊನೆಗೆ ಹಕ್ಕಿಗಳನ್ನೆಲ್ಲ ಕೊಟ್ಟುಬಿಟ್ಟೆ, ಗೂಡನ್ನೂ ಕೀಳಿಸಿದೆ.

ನಿನ್ನೆ ಕೆಳಮನೆಯಲ್ಲಿ ಬಾಡಿಗೆಗಿರುವ ಬಿಂದುಶ್ರೀ ಕೇಳಿದಳು: "ಅಂಕಲ್, ನಿಮ್ಮ ಪಾರಿವಾಳ ದಿನಾ ಮೆಟ್ಲು ಹತ್ಕೊಂಡು ಮೇಲಕ್ಕೆ ಹೋಗುತ್ತಲ್ಲ, ಅದು ಇಳಿಯೋದನ್ನ ಮಾತ್ರ ನಾನು ಒಂದ್ಸಲನೂ ನೋಡಿಲ್ಲ."