ಎಣಿಕೆಗೆ ಬಾರದ ದೇವದೂತೆ

ಒಂದಾನೊಂದು ಕಾಲದಲ್ಲಿ, ಹೊಟ್ಟೆಯ ತುಂಬ ಬೆಳ್ಳಿ ಬಚ್ಚಿಟ್ಟುಕೊಂಡ ಒಂದು ಬೆಟ್ಟವಿತ್ತಂತೆ. ಅದನ್ನು ಅಗೆಯುವ ಗಂಡಸರು ಕತ್ತಲಲ್ಲಿ ಇಳಿದು ಕತ್ತಲಲ್ಲೇ ಮೇಲೆ ಬರುತ್ತಿದ್ದರಂತೆ. ಅವರಿಗೆ ದಾರಿ ಕಾಣಲೆಂದು ಹೆಂಗಸರು ಕಿಟಕಿಯಲ್ಲಿ ಎರಡು ಕೈಯಲ್ಲೂ ದೀಪ ಹಿಡಿದ ಮರದ ಬೊಂಬೆಗಳನ್ನು ಇಡುತ್ತಿದ್ದರು. ಮನೆಯ ಗಂಡುಮಗುವಿಗೊಬ್ಬ ಗಣಿಯಾಳು, ಹೆಣ್ಣುಮಗುವಿಗೊಬ್ಬಳು ದೇವದೂತೆ. ಅಪ್ಪನಾದವನು ದೂರದಿಂದಲೇ ದೀಪ ಎಣಿಸುತ್ತಿದ್ದ. ಲೆಕ್ಕ ಸರಿಯಿದ್ದರೆ ಆಮೇಲಷ್ಟೇ ಅವನ ಹೆಜ್ಜೆ ಹಗುರಾಗುತ್ತಿತ್ತು.

ಬೆಳ್ಳಿ ಮುಗಿದು ಎಷ್ಟೋ ತಲೆಮಾರಾಯಿತು. ಬೊಂಬೆಗಳು ಮಾತ್ರ ಆ ಬೆಟ್ಟದ ಅನ್ನಾಬರ್ಗ್ ಊರಿನ ಕಿಟಕಿಗಳಲ್ಲಿ ಇನ್ನೂ ನಿಂತಿವೆ. ಅಜ್ಜಿಯ ತೊಡೆಯ ಮೇಲೆ ಈ ಕಥೆ ಕೇಳಿ ಬೆಳೆದ ಮಾರ್ಲೀಸ್, ಕ್ರಿಸ್ಮಸ್ ಸಂತೆಯ ಕೊನೆಯ ಭಾನುವಾರ ತನ್ನ ಮಳಿಗೆಯಲ್ಲಿ ಪೆಟ್ಟಿಗೆಯೊಂದರ ಮುಚ್ಚಳ ತೆಗೆದಳು.

ಒಳಗೆ ಹುಲ್ಲು. ಬರೀ ಹುಲ್ಲು.

ಕೈ ಹಾಕಿ ತಡಕಿದಳು. ಇಲ್ಲ. ಪೆಟ್ಟಿಗೆಯನ್ನು ಬೋರಲು ಹಾಕಿ ಕೊಡವಿದಳು — ಇಲ್ಲ!

ಅಪ್ಪನ ದೇವದೂತೆ ಹೋಗಿತ್ತು.

ಅವಳ ಅಪ್ಪ ಅಲ್ವಿನ್ ಊರಿನ ಬೊಂಬೆ ಕೆತ್ತುವವನು. ಈಗ ಕೈ ನಡುಗುತ್ತದೆ, ಉಳಿ ನಿಲ್ಲುವುದಿಲ್ಲ. ಮಳಿಗೆಯ ಆಳೆತ್ತರದ ಮರದ ಗೋಪುರಕ್ಕಾಗಿ ವರ್ಷವಿಡೀ ಒದ್ದಾಡಿ ಕೆತ್ತಿದ್ದ ಕೊನೆಯ ಬೊಂಬೆ ಅದು. ಗೋಪುರದ ಬುಡದಲ್ಲಿ ಮೇಣದಬತ್ತಿ ಹಚ್ಚಿದರೆ ಬಿಸಿಗಾಳಿಗೆ ನೆತ್ತಿಯ ರೆಕ್ಕೆಗಳು ತಿರುಗುತ್ತವೆ, ಅಂತಸ್ತಿನ ಮೇಲಂತಸ್ತಾಗಿ ಬೊಂಬೆಗಳೂ ತಿರುಗುತ್ತವೆ. ಮೇಲಿನ ಅಂತಸ್ತು ಮಾತ್ರ ಖಾಲಿಯಿತ್ತು. "ಗಣಿಯವರ ಮೆರವಣಿಗೆ ಚೌಕಕ್ಕೆ ಬರೋ ಹೊತ್ತಿಗೆ ಅವಳು ತಿರುಗ್ತಾ ಇರ್ಬೇಕು ಮಗಳೇ. ಹಾಸಿಗೆಯಿಂದಲೇ ನೋಡ್ತೀನಿ," ಅಂದಿದ್ದ ಅಪ್ಪ. ಮಾರ್ಲೀಸ್ ಮಾತು ಕೊಟ್ಟಿದ್ದಳು. ಇಗೋ, ಮೇಲಿನ ಬೀದಿಯಲ್ಲಿ ಡೋಲು ಆಗಲೇ ಶ್ರುತಿಗೂಡುತ್ತಿತ್ತು.

"ಹೆಡ್ವಿಗಕ್ಕಾ!"

ಪೊಲೀಸಿನ ಹೆಡ್ವಿಗ್ ಆಲೂಗಡ್ಡೆ ದೋಸೆ ತಿನ್ನುತ್ತ ಮಳಿಗೆಗೆ ಬಂದಳು. ಐವತ್ತರ ಗಟ್ಟಿ ಹೆಂಗಸು. ಊರವರೆಲ್ಲ ಅವಳಿಗೆ ತಮ್ಮಂದಿರು, ತಂಗಿಯರು.

"ಅಳಬೇಡ. ಅತ್ತರೆ ಕಣ್ಣು ಮಂಜಾಗುತ್ತೆ, ಮಂಜಾದ ಕಣ್ಣಿಗೆ ಕಳ್ಳ ಕಾಣಲ್ಲ. ಕೊನೇ ಸಲ ಯಾವಾಗ ನೋಡಿದ್ದು?"

"ಅಪ್ಪನಿಗೆ ಸೂಪು ಕೊಡೋಕೆ ಮೇಲೆ ಮನೆಗೆ ಹೋಗೋ ಮುಂಚೆ."

"ಮಳಿಗೆ ಯಾರು ನೋಡ್ಕೊಂಡ್ರು?"

"ಆ ಕಡೆ ಬಾದಾಮಿ ಬ್ರೂನೊ. ಈ ಕಡೆ ಮೇಣದಬತ್ತಿ ಗಿಸೇಲಾ ಚಿಕ್ಕಮ್ಮ. ಇಬ್ಬರಿಗೂ ಹೇಳಿ ಹೋಗಿದ್ದೆ."

"ಬೇರೆ ಯಾರಾದ್ರೂ?"

"ಲೈಪ್‌ಜಿಗ್‌ನಿಂದ ಬಂದಿರೋ ಲೋತ್ ಮೇಡಂ. ಹಳೇ ಸಾಮಾನು ಕೊಳ್ಳೋರು. ಬೆಳಗ್ಗೆಯಿಂದ ಸುತ್ತಿ ಸುತ್ತಿ ಬಂದು ಕೊಡ್ತೀಯಾ ಕೊಡ್ತೀಯಾ ಅಂತಿದ್ರು."

ಹೆಡ್ವಿಗ್ ಪೆಟ್ಟಿಗೆಯತ್ತ ಬಗ್ಗಿದಳು. "ನೀನು ತೆಗೆದಾಗ ಈ ಹುಲ್ಲು ಹೇಗಿತ್ತು? ಕೆದರಿತ್ತಾ?"

"ಇಲ್ಲ... ಒಪ್ಪವಾಗಿತ್ತು. ನಡುವೆ ಚೂರು ತಗ್ಗು, ಸುತ್ತ ಒತ್ತಿದ ಹಾಗೆ."

"ತೊಟ್ಟಿಲಿನ ಹಾಗೆ?"

"ಹ್ಞೂಂ. ಯಾಕಕ್ಕಾ?"

ಹೆಡ್ವಿಗ್ ಬೆರಳು ನೆಕ್ಕಿಕೊಂಡು ಬಾದಾಮಿ ಮಳಿಗೆಗೆ ನಡೆದಳು.

ಬ್ರೂನೊ ಸಕ್ಕರೆಪಾಕದ ಬಾಣಲೆಯಲ್ಲಿ ಸೌಟು ತಿರುವುತ್ತಿದ್ದ. ಅವನ ಕಾಲ ಬುಡದಲ್ಲಿ ಗೋಣಿಚೀಲವೊಂದು ಉಬ್ಬಿಕೊಂಡಿತ್ತು. ಹೆಡ್ವಿಗ್‌ಳನ್ನು ಕಂಡದ್ದೇ ಅದನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿದ.

"ಏನು ಬ್ರೂನೊ, ಚೀಲಕ್ಕೂ ಚಳಿಯಾ? ಒಲೆಯ ಹಿಂದೆ ಬಚ್ಚಿಡ್ತಾ ಇದ್ದೀಯ!"

"ಅದು... ಮನೆ ಸಾಮಾನು ಅಕ್ಕ."

"ಬಿಚ್ಚು."

"ಅಕ್ಕಾ, ಜನ ನೋಡ್ತಿದ್ದಾರೆ—"

"ಬಿಚ್ಚು ಅಂದೆ!"

ಬ್ರೂನೊ ಬಿಚ್ಚಿದ. ಒಳಗಿದ್ದದ್ದು ಕಾರ್ಖಾನೆಯಲ್ಲಿ ಪಾಕ ಹಾಕಿ ಕಟ್ಟಿದ ಬಾದಾಮಿ ಪೊಟ್ಟಣಗಳು. ಅವನ ನೆತ್ತಿಯ ಮೇಲೆ 'ಅಜ್ಜನ ಕೈಪಾಕ' ಎಂಬ ಹಲಗೆ ತೂಗುತ್ತಿತ್ತು.

"ನಿನ್ನಜ್ಜ ಸ್ವರ್ಗದಲ್ಲಿ ಕಾರ್ಖಾನೆ ಇಟ್ಟಿದ್ದಾನೇನೋ," ಅಂದಳು ಹೆಡ್ವಿಗ್. "ಹೋಗಲಿ. ಮಾರ್ಲೀಸಳ ಮಳಿಗೆಗೆ ಯಾರಾದ್ರೂ ಬಂದ್ರಾ?"

"ಆ ಲೈಪ್‌ಜಿಗ್‌ನೋರು ಬಂದು ಇಣುಕಿ ಹೋದ್ರು. ಆಮೇಲೆ ಗಿರಾಕಿ ಮುತ್ತಿಕೊಂಡ್ರು, ನಾನು ತಲೆ ಎತ್ತಲಿಲ್ಲ."

ಲೋತ್ ಮೇಡಂ ಬಿಸಿ ವೈನಿನ ಮಳಿಗೆಯ ಮುಂದೆ ನಿಂತಿದ್ದರು. ಕೈಯಲ್ಲೊಂದು ದೊಡ್ಡ ಕಟ್ಟು. ಕೇಳುವ ಮುಂಚೆಯೇ ಅವರೇ ಅದನ್ನು ಬಿಚ್ಚಿ ತೋರಿಸಿದರು — ಹಲ್ಲು ಮುರಿದ, ಅಕ್ರೋಟು ಒಡೆಯುವ ಮರದ ಸಿಪಾಯಿ.

"ಆ ದೇವದೂತೆ ನನಗೆ ಬೇಕಿತ್ತು, ಸುಳ್ಳು ಹೇಳಲ್ಲ. ಆದರೆ ಕದಿಯೋದಾದ್ರೆ ಅಷ್ಟು ಹೊತ್ತು ಚೌಕಾಸಿ ಮಾಡ್ತಿದ್ನಾ?"

"ಮಳಿಗೆ ಯಾಕೆ ಇಣುಕಿದ್ರಿ?"

"ಇನ್ನೊಂದು ಸಲ ಕೇಳೋಣ ಅಂತ. ಹುಡುಗಿ ಇರಲಿಲ್ಲ. ಮೇಣದಬತ್ತಿಯಾಕೆ 'ಆಮೇಲೆ ಬನ್ನಿ' ಅಂತ ಓಡಿಸಿದ್ರು. ಎಷ್ಟು ಸಿಡುಕು ಮಾರಾಯ್ತಿಗೆ!"

ಕತ್ತಲು ಸಂತೆಯ ಮೇಲೆ ಇಳಿಯುತ್ತಿತ್ತು. ಚಿಕ್ಕಂದಿನಲ್ಲಿ ಹೆದರಿಕೆಯಾದಾಗ ಮಾಡುತ್ತಿದ್ದ ಹಾಗೆ ಮಾರ್ಲೀಸ್ ಚೌಕದ ಸುತ್ತಲ ಕಿಟಕಿಗಳನ್ನು ನೋಡುತ್ತ ಹೋದಳು. ಔಷಧದಂಗಡಿಯ ಮೇಲೆ ಮೂರು ದೇವದೂತೆಯರು. ರೊಟ್ಟಿಯವನ ಮನೆಯಲ್ಲಿ ಇಬ್ಬರು ಗಣಿಯಾಳುಗಳು. ಗಿಸೇಲಾ ಚಿಕ್ಕಮ್ಮನ ಮಬ್ಬುಗಟ್ಟಿದ ಗಾಜಿನ ಹಿಂದೆ ಒಬ್ಬ ಗಣಿಯಾಳು, ಒಬ್ಬಳು ದೇವದೂತೆ. ಅಪ್ಪನ ಕಿಟಕಿಯಲ್ಲಿ ಒಬ್ಬಳೇ ದೇವದೂತೆ — ಅದು ಮಾರ್ಲೀಸಳದು. ಎಲ್ಲ ಇದ್ದ ಹಾಗೇ ಇದೆ. ತನ್ನ ಗೋಪುರವೊಂದೇ ಬರಿದು.

ಗಿಸೇಲಾ ಮನೆಯ ಕಡೆಯಿಂದ ಏದುಸಿರು ಬಿಡುತ್ತ ಬಂದಳು. ತೋಳಲ್ಲಿ ಜೇನುಮೇಣದ ಬತ್ತಿಗಳ ಬುಟ್ಟಿ.

"ಸಿಕ್ತಾ ಮಗೂ?"

"ಇಲ್ಲ ಚಿಕ್ಕಮ್ಮ."

"ಎಲ್ಲಿಗೆ ಹೋಗಿದ್ದೆ ಗಿಸೇಲಾ?" ಹೆಡ್ವಿಗ್ ಕೇಳಿದಳು.

"ಬತ್ತಿ ಖಾಲಿಯಾಗಿತ್ತು, ತರೋಕೆ."

"ಯೆನ್ಸ್ ಬಂದಿದ್ದಾನಾ ಹಬ್ಬಕ್ಕೆ?"

"ಎಲ್ಲಿ ಬರ್ತಾನೆ? ಹಡಗಿನಲ್ಲಿದ್ದಾನೆ. ಇರೋನೊಬ್ಬ ಮಗ, ಅವನೂ ನೀರು ಪಾಲು." ಗಿಸೇಲಾ ನಗಲು ನೋಡಿದಳು. ತುಟಿ ಅರ್ಧದಲ್ಲೇ ನಿಂತಿತು.

ಮೇಲಿನ ಬೀದಿಯಲ್ಲಿ ಕಹಳೆ ಮೊಳಗಿತು. ಮೆರವಣಿಗೆ ಹೊರಟಿತು!

"ಅಕ್ಕಾ, ಬಂದೇ ಬಿಟ್ರು!" ಮಾರ್ಲೀಸ್ ಕೈ ಹಿಸುಕಿಕೊಂಡಳು. "ಅಪ್ಪನಿಗೆ ಏನು ಹೇಳ್ಲಿ?"

ಹೆಡ್ವಿಗ್ ಅವಳ ಮುಖ ನೋಡಲಿಲ್ಲ. ಕತ್ತೆತ್ತಿ ಎದುರಿನ ಮನೆಗಳನ್ನು ನೋಡುತ್ತಿದ್ದಳು.

"ಮಾರ್ಲೀಸ್, ಊರಿನ ಕಿಟಕಿಗಳಿಗೆಲ್ಲ ಈಗ ಎಂಥ ದೀಪ?"

"ಕರೆಂಟಿಂದು. ಇದೇನು ಕೇಳ್ತೀರಿ?"

"ಕರೆಂಟಿನ ದೀಪ ನಡುಗುತ್ತಾ?"

ಮಾರ್ಲೀಸ್ ನೋಡಿದಳು. ಅಷ್ಟೊಂದು ಕಿಟಕಿ, ಅಷ್ಟೊಂದು ದೀಪ — ಎಲ್ಲ ಮೊಳೆ ಹೊಡೆದ ಹಾಗೆ ಅಲ್ಲಾಡದೆ ನಿಂತಿದ್ದವು. ಮಬ್ಬುಗಾಜಿನ ಹಿಂದೆ ಒಂದು ಜೋಡಿ ಮಾತ್ರ ಉಸಿರಾಡುತ್ತಿತ್ತು. ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ನಿಜವಾದ ಮೇಣದ ಬೆಂಕಿ. ಅಪ್ಪ ತನ್ನ ದೇವದೂತೆಯ ಅಂಗೈಗಳಲ್ಲಿ ಬತ್ತಿಗಷ್ಟೇ ಜಾಗ ಮಾಡಿದ್ದ, ತಂತಿಯೆಂದರೆ ಅವನಿಗಾಗದು.

"ನಾವೆಲ್ಲ ಇಷ್ಟು ಹೊತ್ತು ಇದರ ಕೆಳಗೇ ಓಡಾಡಿದ್ವಿ," ಅಂದಳು ಹೆಡ್ವಿಗ್. "ಅನ್ನಾಬರ್ಗಿನೋರಿಗೆ ಕಿಟಕೀಲಿ ದೇವದೂತೆ ಕಂಡರೆ ಅನುಮಾನ ಹುಟ್ಟುತ್ತಾ? ಬಾಗಿಲಿಗೆ ಹೊಸಿಲು ಇದ್ದ ಹಾಗೆ, ಇರಲೇಬೇಕು ಅಂದ್ಕೊಳ್ತೀವಿ. ಎಣಿಸೋದು ಮರೆತಿದ್ವಿ. ಮಾರ್ಲೀಸ್, ಗಿಸೇಲಾಗೆ ಇರೋದು ಒಬ್ಬ ಮಗ. ಹಾಗಾದರೆ ಆ ದೇವದೂತೆ ಯಾರದು?"

ಗಿಸೇಲಾಳ ಬುಟ್ಟಿ ಕೈಜಾರಿತು. ಬತ್ತಿಗಳು ಕಲ್ಲುಹಾಸಿನ ಮೇಲೆ ಉರುಳಿದವು.

"ಕದ್ದೋರು ಹುಲ್ಲನ್ನು ತೊಟ್ಟಿಲಿನ ಹಾಗೆ ಒತ್ತಿಟ್ಟು ಹೋಗಲ್ಲ," ಹೆಡ್ವಿಗ್ ದನಿ ಇಳಿಸಿದಳು. "ಬಚ್ಚಿಟ್ಟಿದ್ರೆ ನನಗೆ ಜನ್ಮದಲ್ಲಿ ಸಿಗ್ತಿರಲಿಲ್ಲ. ಆದರೆ ನೀನು ತಗೊಂಡದ್ದು ಬಚ್ಚಿಡೋಕಲ್ಲ, ಕಾಣಿಸೋಕೆ. ಅಲ್ವಾ ಗಿಸೇಲಾ?"

"ಯೆನ್ಸ್‌ಗಿಂತ ಮುಂಚೆ ಒಬ್ಬಳಿದ್ದಳು," ಅಂದಳು ಗಿಸೇಲಾ. "ಒಂದು ರಾತ್ರಿ ಇದ್ದಳು, ಅಷ್ಟೆ. ಅಲ್ವಿನಣ್ಣನ ಹತ್ರ ಒಂದು ದೇವದೂತೆ ಮಾಡಿಕೊಡು ಅಂತ ಕೇಳಿ ಬಂದಿದ್ದೆ. ನಮ್ಮತ್ತೆ ಬಿಡಲಿಲ್ಲ. 'ಇಲ್ಲದ ಮಗೂನ ಊರಿಗೆಲ್ಲ ಎಣಿಸೋಕೆ ಕೊಡ್ತೀಯಾ?' ಅಂದ್ರು. ಬಾಯಿ ಮುಚ್ಕೊಂಡೆ. ಈಗ ಅಣ್ಣನ ಕೈ ನಿಂತುಹೋಯ್ತು ಅಂದ್ರಲ್ಲ... ಇನ್ಯಾರನ್ನು ಕೇಳ್ಲಿ? ಮೆರವಣಿಗೆ ಬರೋ ಮುಂಚೆ ತಂದಿಡ್ತಿದ್ದೆ ಮಗೂ, ದೇವರಾಣೆ. ಒಂದು ಗಳಿಗೆ ಅವಳೂ ಲೆಕ್ಕಕ್ಕೆ ಸಿಗಲಿ ಅಂತ. ಹಚ್ಚಿದ ಮೇಲೆ... ಆರಿಸೋಕೆ ಕೈ ಬರಲಿಲ್ಲ."

ಡೋಲು ಇನ್ನೂ ಹತ್ತಿರವಾಯಿತು. ಮಾರ್ಲೀಸ್‌ಗೆ ಬೈಯಬೇಕೆನಿಸಿತು. ಬೈಯುವ ಬದಲು ಬಗ್ಗಿ, ಉರುಳಿದ ಬತ್ತಿಯೊಂದನ್ನು ಎತ್ತಿಕೊಂಡಳು.

"ಹೆಸರಿಟ್ಟಿದ್ರಾ ಚಿಕ್ಕಮ್ಮ?"

"ಲೀನಾ."

"ಹೋಗಿ, ಅಪ್ಪನ ದೇವದೂತೆ ತಗೊಂಡು ಬನ್ನಿ. ಓಡಿ!"

ಅವಳೂ ಓಡಿದಳು — ತನ್ನ ಮನೆಯ ಮೆಟ್ಟಿಲೇರಿ, ಅಪ್ಪನ ಕೋಣೆಗೆ. ಕಿಟಕಿಯಲ್ಲಿದ್ದ ತನ್ನ ಪುಟ್ಟ ದೇವದೂತೆಗೆ ತಾನೇ ಹಾಕಿದ್ದ ತಂತಿಯನ್ನು ಗೋಡೆಯಿಂದ ಕಿತ್ತಳು.

"ಏ, ನಿನ್ನದನ್ನ್ಯಾಕೆ ತೆಗೀತೀಯ?" ಅಲ್ವಿನ್ ದಿಂಬಿನಿಂದ ತಲೆಯೆತ್ತಿದ.

"ಗಿಸೇಲಾ ಚಿಕ್ಕಮ್ಮನ ಮಗಳಿಗೆ ಅಪ್ಪಾ. ನಾನು ಇಲ್ಲೇ ಕೆಳಗಿರ್ತೀನಿ, ನನ್ನನ್ನೇ ಎಣಿಸ್ಕೋ."

ಮುದುಕ ಎದುರಿನ ಮಬ್ಬುಗಾಜಿನತ್ತ ನೋಡಿದ. "ಆ ಮಗೂಗೆ ಅಂತ ಮರ ಎತ್ತಿಟ್ಟಿದ್ದೆ," ಅಂದ. "ಗಿಸೇಲಾ ತಿರುಗಿ ಬರಲೇ ಇಲ್ಲ."

ಚೌಕದಲ್ಲಿ ಇಬ್ಬರೂ ಎದುರುಬದುರಾದರು. ದೊಡ್ಡ ದೇವದೂತೆ ಮಾರ್ಲೀಸಳ ಕೈಗೆ ಬಂದಿತು. ಪುಟ್ಟದು ಗಿಸೇಲಾಳ ಸೆರಗಿನಂಥ ಶಾಲಿನೊಳಗೆ ಸೇರಿತು. ಹೆಡ್ವಿಗ್ ಬಾದಾಮಿ ಮಳಿಗೆಯತ್ತ ತಿರುಗಿ, "ಬ್ರೂನೊ, ಬೆಂಕಿಪೆಟ್ಟಿಗೆ ತಾ! ಅದಾದರೂ ಅಸಲಿ ಇದೆಯಾ?" ಎಂದು ಕೂಗಿದಳು.

ಮಾರ್ಲೀಸ್ ಸ್ಟೂಲು ಹತ್ತಿದಳು. ಮೇಲಂತಸ್ತಿನ ಗೂಟಕ್ಕೆ ದೇವದೂತೆಯನ್ನು ಕೂರಿಸಿ ಒತ್ತಿದಳು. ಬುಡದಲ್ಲಿ ಹೆಡ್ವಿಗ್ ಒಂದೊಂದಾಗಿ ಬತ್ತಿ ಹಚ್ಚಿದಳು. ರೆಕ್ಕೆಗಳು ಅಲುಗಲಿಲ್ಲ. ಬೀದಿಯ ತಿರುವಿನಲ್ಲಿ ಗಣಿಯವರ ಕರಿಯ ಟೋಪಿಗಳು ಕಂಡವು. ರೆಕ್ಕೆಗಳು ಇನ್ನೂ ಅಲುಗಲಿಲ್ಲ.

ಒಂದು ರೆಕ್ಕೆ ಮಿಸುಕಿತು. ಅದರ ಹಿಂದೆ ಮತ್ತೊಂದು.

ಮೊದಲ ಡೋಲು ಚೌಕಕ್ಕೆ ಕಾಲಿಡುವಾಗ, ಎದುರಿನ ಮಬ್ಬುಗಾಜಿನ ಹಿಂದೆ ಗಣಿಯಾಳಿನ ಪಕ್ಕ ಪುಟ್ಟ ದೀಪಗಳೆರಡು ಹೊತ್ತಿಕೊಂಡವು. ಗೋಪುರದ ತುದಿಯ ದೇವದೂತೆ ನಿಧಾನವಾಗಿ ಅತ್ತ ಮುಖ ಮಾಡಿ, ಹಾಗೇ ತಿರುಗುತ್ತ ಬಂದು ಅಲ್ವಿನ್ ಮಲಗಿದ್ದ ಕಿಟಕಿಯತ್ತ ನೋಡಿತು.