ಕಲ್ಲಿನ ಲಾರಿಯ ಕೆಳಗೆ

ಲಾರಿಯ ಕೆಳಗಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು.

೧೯೫೨ರ ಮಾರ್ಚ್. ನಡುಹಗಲು. ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ರಸ್ತೆಯಲ್ಲಿ, ಶಹಾಬಾದಿನ ಹಾಸುಗಲ್ಲು ಹೇರಿದ ಲಾರಿ ಎಡಕ್ಕೆ ವಾಲಿ ನಿಂತಿತ್ತು. ಹಿಂದಿನ ಜೋಡಿ ಗಾಲಿಗಳನ್ನು ಬಿಚ್ಚಿ ಬದಿಗೆ ಒರಗಿಸಿದ್ದರು. ಗಾಲಿಯಿಲ್ಲದ ಅಚ್ಚು ಡ್ರೈವರ್ ಅಮೃತಪ್ಪನ ಎದೆಯ ಮೇಲೆ ಇಳಿದಿತ್ತು.

ಮೊದಲು ಕಂಡವನು ಹಿಂದಿನಿಂದ ಬಂದ ಇನ್ನೊಂದು ಲಾರಿಯ ಡ್ರೈವರ್ ಗುಲಾಮ ದಸ್ತಗೀರ. ತನ್ನ ಜ್ಯಾಕು ಕೊಟ್ಟು ಎತ್ತಿ ಎಳೆದ. ಆಗಲೇ ಜೀವ ಹೋಗಿತ್ತು.

ಚಿತ್ತಾಪುರ ಠಾಣೆಯ ಜಮಾದಾರ ಅಬ್ದುಲ್ ಕರೀಮ್ ಸೈಕಲ್ ಮೇಲೆ ಬಂದಿಳಿದ. ಪೊಲೀಸಿಗೆ ಸೇರುವ ಮೊದಲು ಏಳು ವರ್ಷ ಫೌಜಿನ ಲಾರಿ ಓಡಿಸಿದ್ದ ಮನುಷ್ಯ. ಹೆಣದ ಮುಖ ನೋಡಿ, ಕೂಡಲೇ ಮುಂದಿನ ಗಾಲಿಗಳ ಕಡೆ ನಡೆದ. ಹಿಂದೊಂದು ಮುಂದೊಂದು ಕಲ್ಲು ಬಿಗಿಯಾಗಿ ಒತ್ತಿಟ್ಟಿದ್ದರು. ಲಾರಿ ಉರುಳಿರಲಿಲ್ಲ. ಅಚ್ಚಿನ ಕೆಳಗೆ ನೆಲ ತುಸು ತೋಡಿ, ಹಲಗೆ ಹಾಸಿ ಎಣ್ಣೆ ಜ್ಯಾಕು ಇಟ್ಟಿದ್ದರು. ಅದೂ ಜಾರಿರಲಿಲ್ಲ. ನೆಟ್ಟಗೆ ನಿಂತು, ಕುತ್ತಿಗೆ ಮಾತ್ರ ಒಳಗೆ ಇಳಿದಿತ್ತು.

ಕ್ಲೀನರ್ ದೇವಿಂದ್ರಪ್ಪ ನೀರಿನ ಕೊಡ ಮುಂದಿಟ್ಟುಕೊಂಡು ಕುಳಿತಿದ್ದ. ಮೂವತ್ತೈದರ ಗಟ್ಟಿಮುಟ್ಟು ಆಳು. ಕಣ್ಣು ಒಣಗಿದ್ದವು.

"ನೀ ಎಲ್ಲಿದ್ದಿ?"

"ಬಾವಿಗಿ ನೀರಿಗಿ ಹೋಗಿದ್ದೆರಿ. ಗಾಲಿ ಬಿಚ್ಚಿಟ್ಟು ಹೋದೆ. ಆವಾಗ ಅವರು ಹೊರಗಽ ಕುಂತಿದ್ರು."

"ಮತ್ತ ಒಳಗ್ಯಾಕ ಹೋದ?"

"ಸ್ಪ್ರಿಂಗಿನ ಪಾಟಾ ಮುರಿದದೋ ಏನೋ ನೋಡಲಿಕ್ಕ ಇರಬೇಕ್ರಿ."

"ಬಂದ ಮ್ಯಾಲ ಯಾವುದಕ್ಕರೆ ಕೈ ಹಚ್ಚಿದಿ?"

"ಇಲ್ರಿ. ನಾ ಬರೋದ್ರೊಳಗ ದಸ್ತಗೀರ ಭಾಯಿ ಬಂದಿದ್ರು. ಕೇಳ್ರಿ ಬೇಕಾರ."

ದಸ್ತಗೀರ ಹೌದೆಂದು ತಲೆಯಾಡಿಸಿದ.

"ನಿನ್ನ ಊರು?"

"ನಾಲವಾರ್ರಿ."

ಅಷ್ಟರಲ್ಲಿ ಅಮೃತಪ್ಪನ ಹೆಂಡತಿ ಶಿವಕಾಂತಮ್ಮ ಬಂದಳು. ಅಳಲಿಲ್ಲ. ನೇರ ಜಮಾದಾರನ ಎದುರು ನಿಂತಳು.

"ವಾಡಿ ಮಿಸ್ತ್ರಿ ಶೌಕತ ಅಲಿ ಕೊಂದಾನ್ರಿ! ನಾಕು ದಿನದ ಹಿಂದ ಇದಽ ಜ್ಯಾಕಿಗಿ ಎಣ್ಣಿ ಸೋರದಂಗ ವಾಯ್ಸರ್ ಹಾಕಿದಾಂವ ಅವ. ಕೆಲಸ ಸರಿ ಇಲ್ಲ ಅಂತ ನನ್ನ ಗಂಡ ಮಂದಿ ಮುಂದ ಬೈದಿದ್ದ. ನಿನ್ನ ಮಣ್ಣು ಮಾಡ್ತೀನಿ ಅಂದಿದ್ದ ಅವ. ಮಾಡಿದ! ಅವನ್ನೂ ಹಿಂಗಽ ಲಾರಿ ಬುಡಕ ಮಲಗಸ್ರಿ."

"ತಪಾಸ ಆಗಲಿ, ಅಮ್ಮಾ."

"ನಿಮ್ಮಾಂವ ಅಂತ ಬಿಡ್ತೀರೇನು?"

ಮಾತು ಕರೀಮ್‌ನ ಒಳಗೆ ಮುಳ್ಳಿನಂತೆ ಇಳಿಯಿತು. ಠಾಣೆಯ ಮುಖ್ಯಸ್ಥ ಅಮೀನ ಸಾಹೇಬರೂ ಅದೇ ಗುಮಾನಿಯ ಮೇಲೆ ಶೌಕತ ಅಲಿಯನ್ನು ಹಿಡಿದು ತರಿಸಿದರು. ವಾಯ್ಸರ್ ಬೇಕೆಂದೇ ಕೆಡಿಸಿದ್ದಾನೆ, ಎಣ್ಣೆ ಸೋರಿ ಜ್ಯಾಕು ಇಳಿದಿದೆ — ಲೆಕ್ಕ ಮುಗಿದಂತಿತ್ತು.

ಆದರೆ ಹಲಗೆಯ ಮೇಲೆ ಎಣ್ಣೆಯ ಒಂದು ಹನಿಯೂ ಇರಲಿಲ್ಲ.

"ಲಾರಿ ಇಲ್ಲಿಂದ ಅಲುಗಬಾರದು," ಎಂದು ಕಾವಲಿಟ್ಟು, ಕರೀಮ್ ದಸ್ತಗೀರನನ್ನು ಬದಿಗೆ ಕರೆದ. "ಜ್ಯಾಕು ಇಳಿದ್ರ ಅಚ್ಚು ತಡೀಲಿಕ್ಕ ಬುಡಕ ಇಡೋ ಕಟ್ಟಿಗಿ ದಿಮ್ಮಿ ಯಾಕಿಲ್ಲ?"

"ಅದಽ ನನಗೂ ತಿಳೀವಲ್ದು ಜಮಾದಾರ ಸಾಬ್. ದಿಮ್ಮಿ ಕೊಡದ ಅಮೃತಪ್ಪ ಒಳಗ ತಲಿ ಹಾಕೋ ಮನಶಾ ಅಲ್ಲ. ಎರಡು ವರ್ಷದ ಹಿಂದ ಚಿಂಚೋಳಿ ಏರಿನ್ಯಾಗ ಅವನ ಕ್ಲೀನರ್ ಹಿಂಗಽ ಸತ್ತಿದ್ದ. ಮಲ್ಕಪ್ಪ ಅಂತ, ಆಡಕಿ ಊರಾಂವ. ಅಂದಿನಿಂದ ಭಾಳ ಅಂಜತಿದ್ದ. ದಿಮ್ಮಿ ಇಡೋದು ಕ್ಲೀನರನ ಕೆಲಸ."

ಆ ಸಂಜೆಯೇ ಒಬ್ಬ ಸಿಪಾಯಿ ಆಡಕಿಗೆ ಹೋದ. ಮರುದಿನ ಬೆಳಿಗ್ಗೆ ಅವನು ತಂದ ಸುದ್ದಿ ಕೇಳಿ ಕರೀಮ್ ಸೈಕಲ್ ಹತ್ತಿದ. ನಂತರ ಎಲ್ಲರನ್ನೂ ಲಾರಿಯ ಹತ್ತಿರ ಸೇರಿಸಿದ — ಅಮೀನ ಸಾಹೇಬರು, ಕೈಗೆ ಬೇಡಿ ಬಿದ್ದ ಶೌಕತ ಅಲಿ, ಶಿವಕಾಂತಮ್ಮ, ದಸ್ತಗೀರ, ದೇವಿಂದ್ರಪ್ಪ.

"ಈ ಜ್ಯಾಕಿನಿಂದಽ ಲಾರಿ ಎತ್ತಿ ನೋಡೋಣು. ಹಿಡಿಕಿ ಎಲ್ಲದ?"

ದೇವಿಂದ್ರಪ್ಪ ಉಡದಾರಕ್ಕೆ ಕಟ್ಟಿದ ಬೀಗದಕೈ ಬಿಚ್ಚಿದ. ಸೀಟಿನ ಕೆಳಗಿನ ಪೆಟ್ಟಿಗೆ ತೆರೆದು ಹಿಡಿಕೆ ತಂದುಕೊಟ್ಟ.

ಕರೀಮ್ ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತ. ಬಗ್ಗಿ, ಹಿಡಿಕೆಯ ಸೀಳಿದ ತುದಿಯನ್ನು ಜ್ಯಾಕಿನ ತಳದಲ್ಲಿದ್ದ, ಅದನ್ನು ಇಳಿಸುವ ತಿರುಪಿಗೆ ಸಿಕ್ಕಿಸಿದ. ತಿರುಪು ಎರಡು ಸುತ್ತು ಸಡಿಲವಿತ್ತು. ಬಿಗಿ ಮಾಡಿ ಹಿಡಿಕೆ ಒತ್ತಿದ. ಲಾರಿ ನರಳುತ್ತ ಮೇಲೆದ್ದಿತು. ತಾಸು ಹೊತ್ತು ಎಲ್ಲರೂ ಬಿಸಿಲಲ್ಲಿ ನಿಂತು ಕಾದರು. ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಸಾಹೇಬ್ರ, ವಾಯ್ಸರ್ ಚಲೋ ಅದ. ಮಿಸ್ತ್ರಿದು ತಪ್ಪಿಲ್ಲ. ಈ ಜ್ಯಾಕು ತಾನಾಗಿ ಇಳಿದಿಲ್ಲ, ಇಳಿಸ್ಯಾರ."

"ಯಾರು?" ಶಿವಕಾಂತಮ್ಮ ಕಿರುಚಿದಳು.

"ಈ ತಿರುಪು ಬೆರಳಿನಿಂದ ತಿರುಗೂದಿಲ್ಲಮ್ಮ, ಹಿಡಿಕಿನೇ ಬೇಕು. ಗಾಲಿ ಇನ್ನೂ ಹಾಕಿಲ್ಲ, ಕೆಲಸ ಅರ್ಧ ಆಗ್ಯಾದ. ಹಿಡಿಕಿ ಎಲ್ಲಿರಬೇಕು? ಜ್ಯಾಕಿನ ಬದಿಗಿ. ಆದರ ದಸ್ತಗೀರ ಬಂದಾಗ ಇಲ್ಲಿ ಹಿಡಿಕಿ ಇರಲಿಲ್ಲ. ಹೌದಲ್ಲೋ?"

"ಹೌದ್ರಿ. ಕಣ್ಣಿಗಿ ಬಿದ್ದಿಲ್ಲ."

"ಆಮ್ಯಾಲ ಯಾವುದಕ್ಕೂ ಕೈ ಹಚ್ಚಿಲ್ಲ ಅಂತ ದೇವಿಂದ್ರಪ್ಪ ತಾನಽ ಹೇಳ್ಯಾನ. ಅಂದಮ್ಯಾಲ ದಸ್ತಗೀರ ಬರೋಕಿಂತ ಮೊದಲಽ ಹಿಡಿಕಿ ಪೆಟಗ್ಯಾಗ ಸೇರಿ ಬೀಗ ಬಿದ್ದದ. ಬೀಗದಕೈ ಯಾರ ಉಡದಾರದಾಗ ಅದ?"

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

"ತಿರುಪು ಬಿಚ್ಚಿದ, ಹಿಡಿಕಿ ಒಳಗಿಟ್ಟ, ಕೊಡ ಹಿಡಿದು ಬಾವಿಗಿ ನಡದ. ದಿನಾ ಕೆಲಸ ಮುಗಿದ ಮ್ಯಾಲ ಹಿಡಿಕಿ ಪೆಟಗ್ಯಾಗ ಇಡೋ ರೂಢಿ, ಕೈ ಅದನ್ನಽ ಮಾಡ್ತು. ನಿನ್ನ ಊರು ನಾಲವಾರ ಅಲ್ಲ ದೇವಿಂದ್ರಪ್ಪ. ಆಡಕಿ. ನಿಮ್ಮವ್ವ ಹಣಮಮ್ಮ. ಮಲ್ಕಪ್ಪ ನಿನ್ನ ಒಡಹುಟ್ಟಿದ ತಮ್ಮ. ಅವ ಸತ್ತಾಗ ನೀ ಸೊಲ್ಲಾಪುರದ ಗಿರಣ್ಯಾಗಿದ್ದಿ. ಅದಕ್ಕಽ ಅಮೃತಪ್ಪಗ ನಿನ್ನ ಗುರುತು ಸಿಗಲಿಲ್ಲ."

ದೇವಿಂದ್ರಪ್ಪ ಓಡಲಿಲ್ಲ. ಕೈ ತಾನೇ ಮುಂದೆ ಚಾಚಿದ.

"ಒಂದು ವರ್ಷ ಅವನ ಬಾಜೂಕ ಕುಂತು ರೊಟ್ಟಿ ತಿಂದೀನ್ರಿ. ದಿಮ್ಮಿ ಇಡೋದು ಒಂದಿನ ತಪ್ಪಿಸಿಲ್ಲ. ನನ್ನ ಮ್ಯಾಲ ಪೂರಾ ನಂಬಿಗಿ ಬರಲಿ ಅಂತ ಕಾದೆ. ನಿನ್ನೆ ಪಾಟಾ ಮುರಿದಂಗ ಕಾಣತದ ಅಂದೆ. ದಿಮ್ಮಿ ಇಟ್ಟಿಯೇನು ಅಂದ. ಇಟ್ಟೀನಿ ಅಂದೆ."

"ಮಲ್ಕಪ್ಪ ಕುಡಿದ ಅಮಲಿನ್ಯಾಗ ತಾನಽ ಒಳಗ ಹೋಗಿದ್ದನಂತ," ಶಿವಕಾಂತಮ್ಮ ಮುಂದೆ ಬಂದಳು. "ನನ್ನ ಗಂಡ ಹಂಗಽ ಹೇಳಿದ್ದ."

"ಊರಿಗೂ ಹಂಗಽ ಹೇಳಿದ್ನಮ್ಮ. ನಮ್ಮವ್ವ ಎರಡು ವರ್ಷ ತಲಿ ಎತ್ತಿ ನೀರಿಗಿ ಹೋಗಿಲ್ಲ. ನಿನ್ನೆ ಅಮೃತಪ್ಪ ಒಳಗ ಮಲಗಿದ ಮ್ಯಾಲ ತಿರುಪಿಗಿ ಹಿಡಿಕಿ ಹಚ್ಚಿ ಕೇಳಿದೆ. ನಾ ಮಲ್ಕಪ್ಪನ ಅಣ್ಣ. ಅವತ್ತು ನನ್ನ ತಮ್ಮ ಕುಡಿದಿದ್ದನೇನು?"

ದೇವಿಂದ್ರಪ್ಪ ಅಚ್ಚಿನ ಕಡೆ ನೋಡಿದ.

"ಇಲ್ಲ ಅಂದ್ರಿ ಅವ. ದಿಮ್ಮಿ ಬ್ಯಾಡ, ಲಗೂ ಒಳಗ ಹೋಗು ಅಂತ ಮಲ್ಕಪ್ಪಗ ನಾನಽ ಅಂದಿದ್ದೆ, ತಪ್ಪಾಯ್ತು ಅಂದ."

ಅಮೀನರು ಶೌಕತ ಅಲಿಯ ಬೇಡಿ ಬಿಚ್ಚಿಸಿದರು. ಅದನ್ನು ದೇವಿಂದ್ರಪ್ಪನ ಕೈಗೆ ತೊಡಿಸುವಾಗ ಕರೀಮ್‌ಗೆ ಕೇಳದಿರಲು ಆಗಲಿಲ್ಲ.

"ಖರೇ ಹೇಳಿದನಲ್ಲೋ. ಹೇಳಿದ ಮ್ಯಾಲೂ ತಿರುವಿದಿ?"

"ಖರೇ ಹೇಳಿದನಲ್ರಿ," ಎಂದ ದೇವಿಂದ್ರಪ್ಪ. "ಅದಕ್ಕಽ ತಿರುವಿದೆ."