ಓದದೆ ಮಡಚಿದ ಮೂರನೇ ಹಾಳೆ

ಮಳೆಗಾಲ ಮುಗಿದು ನವರಾತ್ರಿ ಹತ್ತಿರ ಬಂದಿತ್ತು. ಎರಡು ಸಾವಿರನೇ ಇಸವಿ, ಬೆಳಿಗ್ಗೆ ಏಳೂ ಹತ್ತು. ಡೊಂಬಿವಲಿಯ ಮಾನಪಾಡಾ ರೋಡಿನ ಸ್ಟಾಪಿನಲ್ಲಿ ಮಹಾಪೆಗೆ ಹೋಗುವ ಬಸ್ಸು ಹೊರಟು ನಿಂತಿತ್ತು.

ಸ್ವರ್ಣಲತಾ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಹಿಂದಿನಿಂದ ಒಬ್ಬ ಹುಡುಗ ಬೆವರು ಸುರಿಸುತ್ತ ಓಡಿ ಬರುತ್ತಿದ್ದ. ನಾಲ್ಕು ದಿನದಿಂದ ನೋಡುತ್ತಿದ್ದಳು. ದಿನಾ ಹೀಗೇ ಓಡಿ ಬರುತ್ತಾನೆ, ದಿನಾ ಅವನಿಗೆ ಬಸ್ಸು ತಪ್ಪುತ್ತದೆ. ಪಾಪ ಅನ್ನಿಸಿತು. ಕಂಡಕ್ಟರನಿಗೆ ಮರಾಠಿಯಲ್ಲಿ ಬೇಡಿಕೊಂಡು ಬಸ್ಸು ಹಿಡಿಸಿ ನಿಲ್ಲಿಸಿದಳು.

ಹುಡುಗ ಬಂದ. ಬಸ್ಸಿನ ಪಕ್ಕದಿಂದ ಹಾಗೇ ಓಡಿ ಮುಂದೆ ಹೋದ. ಬಸ್ಸಿಗೆ ಬಸ್ಸೇ ನಕ್ಕಿತು. ಶೀಲ್ ಫಾಟಾ ಸ್ಟಾಪು ಬರುವ ತನಕ ಅವಳು ತಲೆ ಎತ್ತಲಿಲ್ಲವಂತೆ.

ಮರುದಿನ ಅವನ ದಾರಿಗೆ ಅಡ್ಡ ನಿಂತು ಹಿಂದಿಯಲ್ಲಿ ಬೈಯಲು ಶುರು ಮಾಡಿದಳು. ಅವನು ಕನ್ನಡದಲ್ಲಿ ತನ್ನಷ್ಟಕ್ಕೆ ಏನೋ ಗೊಣಗಿದ. ಅವಳಿಗೆ ಅದು ತಿಳಿಯಿತು, ಅವಳೂ ಕನ್ನಡಕ್ಕೆ ಇಳಿದಳು.

"ನಿಲ್ಲಿಸಿದ ಬಸ್ ಹತ್ತೋದಿಲ್ವಾ ನೀವು?"

"ನಾ ಬಸ್ಸಿಗೆ ಓಡೂದಲ್ರೀ. ಮಿಲಿಟರಿ ಭರ್ತಿಗೆ ಓಡಾಕತ್ತೀನಿ."

"ಹಾಗಾದ್ರೆ ಬೇರೆ ರೋಡಲ್ಲಿ ಓಡಿ. ಲೋಗ್ ಹಂಸ್ತೇ ಹೈಂ, ನನ್ನನ್ನ ನೋಡಿ."

"ಬ್ಯಾರೆ ರೋಡಿಗೆ ಓಡಿದ್ರ ನೀವು ಕಾಣೂದಿಲ್ಲಲ್ಲ."

ಅವಳಿಗೆ ಸಿಟ್ಟು ಬಂತು, ಆದರೆ ಪೂರ್ತಿ ಬರಲಿಲ್ಲ. ಇದನ್ನೆಲ್ಲ ಆಮೇಲೆ ಅವಳೇ ನನಗೆ ಹೇಳಿದ್ದು.

ಆ ಓಡುವವ ಚಂದ್ರಾಮ, ನನ್ನ ಅಣ್ಣನ ಮಗ. ಏಳು ವರ್ಷದವನಿದ್ದಾಗ ವಿಜಾಪುರದಿಂದ ಕರೆತಂದು ನಾನೇ ಬೆಳೆಸಿದೆ. ಡೊಂಬಿವಲಿಯ ಒಂದು ಚಾಳಿನಲ್ಲಿ ನಾವಿಬ್ಬರೇ. ನಾನು ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಿದ್ದೆ. ಸ್ವರ್ಣಲತಾ ಉಡುಪಿ ಕಡೆಯವರ ಮಗಳು. ಮನೆಯಲ್ಲಿ ತುಳು, ಸಾಲೆಯಲ್ಲಿ ಮರಾಠಿ, ಮಹಾಪೆಯ ಆಫೀಸಿನಲ್ಲಿ ಹಿಂದಿ. ಕನ್ನಡ ಕೇಳಿ ಕಲಿತದ್ದು. ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಅವಳ ಅಪ್ಪ ಲೀಲಾಧರ ಫ್ಯಾಕ್ಟರಿಯೊಂದರ ಕ್ಯಾಂಟೀನು ನಡೆಸುತ್ತಿದ್ದರು. ಮಗಳಿಗೆ ಹೋಟೆಲಿನವರ ಮನೆಯೇ ಆಗಬೇಕೆಂದು ಗಟ್ಟಿ ಹೇಳಿದ್ದರು.

ಮುಂದಿನ ವರ್ಷ ಆಗಸ್ಟಿನಲ್ಲಿ ಚಂದ್ರಾಮ ಭರ್ತಿಯಾದ. ಅಷ್ಟರಲ್ಲಿ ಆ ಸ್ಟಾಪಿನ ಜಗಳ ಸ್ನೇಹವಾಗಿತ್ತು. ನಾಸಿಕದಲ್ಲಿ ಟ್ರೇನಿಂಗು. ಹೋಗುವ ಮುಂಚೆ ಅವಳನ್ನು ಮನೆಗೆ ಕರೆತಂದು, ಪತ್ರ ನಿನ್ನ ಹೆಸರಿಗೆ ಬರುತ್ತವೆ ಅತ್ತಿ, ಈಕಿಗೆ ಓದಿ ಹೇಳು ಅಂದ. ಮರಾಠಿಯಲ್ಲಿ ಬರೆದರೆ ನಾನೇ ಓದಿಕೊಳ್ಳುತ್ತೇನಲ್ಲ ಎಂದು ಅವಳು ಕೇಳಿದಳು. ಹಾಗೆ ಆಗುವಂತಿರಲಿಲ್ಲ. ಬ್ಯಾರಕಿನಲ್ಲಿ ಸಾತಾರಾ ಕೊಲ್ಹಾಪುರದ ಹುಡುಗರೇ ಹೆಚ್ಚು. ಯಾರ ಪತ್ರವಾದರೂ ಕಸಿದುಕೊಂಡು ಮಂಚದ ಮೇಲೆ ನಿಂತು ಓದುವುದು ಅಲ್ಲಿಯ ಚಾಳಿ ಎಂದು ಮೊದಲೇ ಹೋದವರು ಹೇಳಿದ್ದರು. ಕನ್ನಡವಾದರೆ ಯಾರ ತಲೆಗೂ ಹತ್ತುವುದಿಲ್ಲ.

ಹಾಗಾಗಿ ಪತ್ರ ಓದುವ ಕೆಲಸ ನನಗೆ ಬಂತು. ನಾನು ಕಲಿತದ್ದು ಮೂರನೇ ಇಯತ್ತೆ.

ಸಂಜೆ ಬಸ್ಸಿಳಿದು ಬಂದು ಅವಳು ನನ್ನೆದುರು ಕೂಡುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಬೂಟು ಕಚ್ಚಿ ಕಾಲಿಗೆ ಬೊಕ್ಕೆ ಬಂದದ್ದು, ನಸುಕಿನ ಪರೇಡು, ಚಪಾತಿಯ ಗಟ್ಟಿತನ. ಅವಳ ಕಣ್ಣು ಹಾಳೆಯ ಮೇಲೆಯೇ ಇರುತ್ತಿತ್ತು. ನನ್ನ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡುತ್ತಿದ್ದಳು.

ಜಾರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ ಹುಡುಗಿಗೆ ಬರೆದ ಮಾತನ್ನು, ಆ ಹುಡುಗಿಯ ಮುಖ ನೋಡುತ್ತ ನನ್ನ ಬಾಯಿಂದ ಹೇಗೆ ಆಡಲಿ? ಅಂಥ ಸಾಲು ಬಂದಾಗ ಬಿಟ್ಟು ಮುಂದೆ ಹೋಗುತ್ತಿದ್ದೆ. ಮರಾಠಿಯವರ ಹಾಗೆ ಅವಳು ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದಳು. ಏನದು ಮೌಶಿ ಎಂದು ಕೇಳಿದರೆ, ಬಂದೂಕಿನ ವಿಷಯ, ನಿನಗೆ ತಿಳಿಯುವುದಿಲ್ಲ ಅನ್ನುತ್ತಿದ್ದೆ.

"ಎಷ್ಟು ಬಂದೂಕು ಮೌಶಿ ಇವನದು?" ಎಂದು ಒಮ್ಮೆ ಕೇಳಿದಳು. "ನನ್ನ ನೆನಪೇ ಇಲ್ವಾ ಅವನಿಗೆ?"

ಇದೆಯವ್ವ ಅಂದೆ. ಅಷ್ಟೇ ಅಂದೆ.

ಅವಳು ಹಿಂದಿಯಲ್ಲಿ ಉತ್ತರ ಬರೆಯುತ್ತಿದ್ದಳು. ಕಸಿದು ಓದುವವರ ಭಯಕ್ಕೆ ಎರಡೇ ಸಾಲು: ನಾನು ಆರಾಮ, ನೀನು ಆರಾಮಾಗಿರು. ಅಲ್ಲಿ ಅವನಿಗೂ ಅದೇ ಅನ್ನಿಸಿರಬೇಕು, ಇವಳಿಗೆ ನನ್ನ ನೆನಪೇ ಇಲ್ಲವಾ ಎಂದು.

ಡಿಸೆಂಬರಿನಲ್ಲಿ ದಿಲ್ಲಿಯ ಪಾರ್ಲಿಮೆಂಟಿನ ಮೇಲೆ ದಾಳಿಯಾಯಿತು. ಫೌಜೆಲ್ಲ ಗಡಿಗೆ ಹೊರಟಿತು. ಟ್ರೇನಿಂಗಿನ ಹುಡುಗರ ಸಂಕ್ರಾಂತಿ ರಜೆ ರದ್ದಾಯಿತು, ಹೋಳಿಯದೂ ರದ್ದಾಯಿತು. ಫೋನೂ ಬಂದ್ ಆಯಿತು. ನಾಸಿಕ ಏನು ದೂರ, ಕಲ್ಯಾಣದಿಂದ ಮೂರು ತಾಸು. ಮೂರು ತಾಸಿನ ದಾರಿಯಲ್ಲಿ ಒಂದು ಮುಖ ನೋಡಲು ಆಗುವುದಿಲ್ಲ ಎಂದರೆ ಎಂಥ ಹಿಂಸೆ ಎಂದು ಅವಳು ನನ್ನ ಬಾಗಿಲ ಚೌಕಟ್ಟಿಗೆ ಒದ್ದಳು.

ಫೆಬ್ರವರಿ ಕೊನೆಗೆ ನಾಲ್ಕು ಹಾಳೆಯ ಪತ್ರ ಬಂತು. ಎರಡು ಹಾಳೆ ಓದಿದೆ. ಮೂರನೆಯದರ ಮೊದಲ ಸಾಲಿಗೆ ಕಣ್ಣು ಹಾಯಿಸಿದ್ದೇ ತಡ, ನನ್ನ ಕಿವಿ ಬಿಸಿಯಾಯಿತು. ಹಾಳೆ ಮಡಚಿದೆ. ನಾಲ್ಕನೆಯದಕ್ಕೆ ಹೋದೆ. ನಾನೂ ಅದನ್ನು ಆಮೇಲೆ ಓದಲಿಲ್ಲ. ಮಕ್ಕಳ ಗುಟ್ಟು, ದೊಡ್ಡವರು ಓದಬಾರದೆಂದು ಪೆಟ್ಟಿಗೆಯಲ್ಲಿಟ್ಟೆ.

ಯುಗಾದಿಯ ನಂತರ ಪತ್ರ ನಿಂತವು. ನನಗೆ ಒಂದು ಕಾರ್ಡು ಬಂತು: ಆರಾಮ ಇದ್ದೀನಿ ಅತ್ತಿ, ಕಾಳಜಿ ಮಾಡಬ್ಯಾಡ. ಅವಳ ಹೆಸರಿರಲಿಲ್ಲ.

ಸ್ವರ್ಣಲತಾ ಕಾರ್ಡಿನ ಎರಡೂ ಬದಿ ನೋಡಿ ವಾಪಸು ಕೊಟ್ಟಳು. ಆ ವಾರ ಅವಳಿಗೆ ಕೋಪರಖೈರಣೆಯಿಂದ ಸಂಬಂಧ ಬಂತು. ಹುಡುಗ ಪುಂಡರೀಕಾಕ್ಷ, ಅಪ್ಪನದು ಎರಡು ಹೋಟೆಲು. ಮನೆಯವರು ಕೇಳಿದಾಗ ನಿಮ್ಮ ಇಷ್ಟ ಅಂದಳಂತೆ. ಮೇ ಇಪ್ಪತ್ತಮೂರು, ಗುರುವಾರ ಮಾತು ಕೊಡುವುದೆಂದು ಲೀಲಾಧರ ಗೊತ್ತು ಮಾಡಿದರು.

ಆದರೆ ಹಟಮಾರಿ ಹುಡುಗಿ ಅದು. ಒಂದನೇ ಇಯತ್ತೆಯ ಕನ್ನಡ ಪುಸ್ತಕ ಎಲ್ಲಿಂದಲೋ ತಂದು, ಮಹಾಪೆಗೆ ಹೋಗುವಾಗ ಬರುವಾಗ ಬಸ್ಸಿನಲ್ಲಿ ಕಲಿಯಲು ಶುರು ಮಾಡಿದ್ದಳು, ನನಗೆ ಹೇಳದೆ. ಮೇ ಐದರ ಭಾನುವಾರ ಬಂದು ಪತ್ರಗಳನ್ನು ಕೊಡಿ ಅಂದಳು. ಹರಿದು ಒಗೆಯುತ್ತಾಳೆ ಅಂದುಕೊಂಡು ಕೊಟ್ಟೆ. ಅವಳು ಗೋಡೆಗೆ ಒರಗಿ ಕೂತು ಓದತೊಡಗಿದಳು.

ನಾನು ಹಿಟ್ಟು ನಾದುತ್ತಿದ್ದೆ. ಅವಳ ತುಟಿ ಅಲುಗುತ್ತಿತ್ತು. ಆಮೇಲೆ ದನಿ ಬಂತು, ಮುರಿದು ಮುರಿದು, ಮಕ್ಕಳು ಓದಿದ ಹಾಗೆ.

"ಗಾ-ಳಿ-ಗೆ ನಿನ್ನ ಕೂ-ದ-ಲು ಸರಿದಾಗ ಕಿವಿ ಹಿಂದ ಎಳ್ಳಿನಷ್ಟು ಮಚ್ಚಿ ಕಾಣ್ತದ. ಪರೇಡಿನ ಸಪ್ಪಳದಾಗೂ ನನಗ ಅದೇ ನೆನಪು. ಒಮ್ಮೆ ಅಲ್ಲಿ ತುಟಿ ಇಟ್ಟು..."

ನಿಲ್ಲಿಸಿದಳು. ನಾನು ತಲೆ ಎತ್ತಲಿಲ್ಲ.

"ಮೌಶಿ, ಇದರಲ್ಲಿ ಬಂದೂಕು ಎಲ್ಲಿದೆ?"

ನಾನು ಹಿಟ್ಟಿಗೆ ಇನ್ನಷ್ಟು ನೀರು ಹಾಕಿದೆ. ಅವಳು ಆ ಮೂರನೇ ಹಾಳೆಯ ಕೆಳಗಿನ ಸಾಲಿಗೆ ಬಂದಳು. ಅಲ್ಲಿ ಅವನು ಕೇಳಿದ್ದ: ನೀನು ನನಗೆ ಬೇಕು, ನಿಮ್ಮಪ್ಪನವರಿಗೆ ಪತ್ರ ಬರೆಯಲೇನು? ಯುಗಾದಿಯ ಒಳಗೆ ಉತ್ತರ ಬಾರದಿದ್ದರೆ ಬೇಡ ಅಂತ ತಿಳಿಯುತ್ತೇನೆ, ಮತ್ತೆ ಬರೆಯುವುದಿಲ್ಲ.

ಯುಗಾದಿ ಮುಗಿದು ಮೂರು ವಾರವಾಗಿತ್ತು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಒಂದು ಹಾಳೆ ಕೇಳಿ ತೆಗೆದುಕೊಂಡು ವಕ್ರ ವಕ್ರ ಕನ್ನಡದಲ್ಲಿ ಪತ್ರ ಬರೆದಳು. ಆ ನಾಲ್ಕು ಸಾಲಿಗೆ ಒಂದು ತಾಸು ಹಿಡಿಯಿತು. ಮರುದಿನವೇ ಡಬ್ಬಿಗೆ ಹಾಕಿದಳು.

ಉತ್ತರವಿಲ್ಲ. ಹತ್ತು ದಿನ, ಹನ್ನೆರಡು ದಿನ. ಹತ್ತೊಂಬತ್ತರ ಭಾನುವಾರ ಇಬ್ಬರೂ ನಾಸಿಕಕ್ಕೆ ಹೋದೆವು. ಗೇಟಿನ ಕಾವಲಿನವ, ಆ ಬ್ಯಾಚು ಗುಂಡು ಹೊಡೆಯುವ ಮೈದಾನದಲ್ಲಿದೆ, ಎರಡು ವಾರದಿಂದ ಅವರ ಟಪಾಲೂ ಇಲ್ಲೇ ಬಿದ್ದಿದೆ, ಭೇಟಿಗೆ ಯಾರನ್ನೂ ಬಿಡುವುದಿಲ್ಲ ಅಂದ. ಮರ್ಯಾದೆಯಿಂದಲೇ ಹೇಳಿದ. ಅವಳು ಎರಡು ತಾಸು ಬಿಸಿಲಲ್ಲಿ ಗೇಟಿನ ಎದುರೇ ನಿಂತಳು, ಅಷ್ಟೇ. ತಿರುಗಿ ಬರುವಾಗ ರೈಲಿನಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದಳು.

ಸೋಮವಾರ ಸಂಜೆ ಪಕ್ಕದ ಮನೆಯ ದಮಯಂತಿಯ ಫೋನಿಗೆ ಚಂದ್ರಾಮನ ಕರೆ ಬಂತು. ಎಲ್ಲಿಗೆ ಹೊರಟಿದ್ದಾರೆಂದು ಹೇಳಲಿಲ್ಲ. ನಾಳೆ ಕಲ್ಯಾಣ ಸ್ಟೇಷನ್ನಿಗೆ ರೊಟ್ಟಿ ತಗೊಂಡು ಬಾ ಅತ್ತಿ, ಹೊತ್ತು ಗೊತ್ತಿಲ್ಲ ಎಂದಷ್ಟೇ ಹೇಳಿದ. ಅವಳ ಮಾತು ತೆಗೆಯಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಲ್ಯಾಣದಲ್ಲಿದ್ದೆವು. ಸ್ವರ್ಣಲತಾ ಆಫೀಸಿಗೆ ಹೋಗುವ ಡ್ರೆಸ್ಸಿನಲ್ಲೇ ಬಂದಿದ್ದಳು. ರೈಲು ಬಂದವು, ಹೋದವು. ಕಸಾರಾ ಲೋಕಲ್ಲು, ಕರ್ಜತ್ ಲೋಕಲ್ಲು, ಉತ್ತರದ ಗಾಡಿಗಳು. ಪ್ರತಿ ಗಾಡಿಗೂ ಅವಳು ಎದ್ದು ನಿಂತಳು. ಹನ್ನೆರಡಾಯಿತು, ಎರಡಾಯಿತು. ಹಮಾಲನನ್ನು ಕೇಳಿದಳು, ಟಿಸಿಯನ್ನು ಕೇಳಿದಳು. ಯಾರಿಗೂ ಗೊತ್ತಿಲ್ಲ.

ಮೂರೂ ಮುಕ್ಕಾಲಿಗೆ ಬಂತು ಫೌಜಿನ ಗಾಡಿ. ಎಂಜಿನ್ನಿಗೆ ಹತ್ತು ನಿಮಿಷದ ಕೆಲಸವಂತೆ. ಜವಾನರು ಬಾಟಲಿ ಹಿಡಿದು ನಲ್ಲಿಗೆ ಓಡಿದರು. ಅವರ ನಡುವೆ ಕಪ್ಪಗಾದ, ತೆಳ್ಳಗಾದ ಒಬ್ಬ ನನ್ನ ಕಡೆ ಬಂದ. ಕಾಲು ಮುಟ್ಟಿ ಎದ್ದಾಗ ನನ್ನ ಹಿಂದೆ ನಿಂತವಳನ್ನು ಕಂಡ. ಮುಖ ಬಿಗಿಯಾಯಿತು.

"ಇವರನ್ನ ಯಾಕ ಕರಕೊಂಡು ಬಂದಿ ಅತ್ತಿ?"

ಇವರು ಅಂದ. ಆ ಒಂದು ಮಾತು ಅವಳಿಗೆ ಹೇಗೆ ತಾಗಿತೆಂದು ನೋಡಿದೆ. ಇನ್ನು ಸುಮ್ಮನಿರಬಾರದು ಅನ್ನಿಸಿತು.

"ಮೂರನೇ ಹಾಳಿ ನಾ ಓದಲೇ ಇಲ್ಲೋ ಚಂದ್ರಾಮ. ನಾಚಿಕಿ ಆತು, ಮಡಚಿ ಇಟ್ಟೆ. ನೀ ಕೇಳಿದ್ದು ಆಕಿಗೆ ಗೊತ್ತೇ ಇರಲಿಲ್ಲ. ಆಕಿ ತಪ್ಪಿಲ್ಲ, ನಂದು."

ಅವನಿಗೆ ಒಮ್ಮೆಗೇ ತಿಳಿಯಲಿಲ್ಲ. ತಿಳಿದ ಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಸುಕಿದ.

"ನಾಚಿಕಿ? ಒಂದು ಹಾಳಿ ಓದಾಕ? ನಾ ಅಲ್ಲಿ ಒಂದೊಂದು ದಿನ ಹೆಂಗ..."

ಗಾಡಿ ಸೀಟಿ ಹೊಡೆಯಿತು. ಸ್ವರ್ಣಲತಾ ನಡುವೆ ಬಂದಳು.

"ಅವರಿಗೆ ಬೈಯೋಕೆ ಟೈಮ್ ಇಲ್ಲ. ನಾನು ಹೇಳ್ತೇನೆ, ಕೇಳು. ಪಪ್ಪನಿಗೆ ನೀನು ಬರೆಯೋದು ಬೇಡ. ಇವತ್ತು ನಾನೇ ಹೇಳ್ತೇನೆ."

"ಏನಂತ?"

"ಗುರುವಾರ ಯಾರಿಗೂ ಮಾತು ಕೊಡಬೇಡಿ, ನಾನು ಕೊಟ್ಟಾಗಿದೆ ಅಂತ."

"ಯಾವಾಗ ಕೊಟ್ಟಿ?"

"ಈಗ. ಸುನಾಯೀ ನಹೀಂ ದೇತಾ ಕ್ಯಾ, ಕಿವಿ ಕೇಳಲ್ವಾ?"

ಅವನ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನಗೆ ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಅವಳ ಕಡೆ ಕೈ ಚಾಚಿದ. ಬಾಗಿಲು ಕಿಟಕಿ ತುಂಬ ಮುಖಗಳು, ಯಾರೋ ಚುಡಾಯಿಸಿ ಸೀಟಿ ಊದಿದರು. ಅದೇ ಕೈಯಲ್ಲಿ ನನ್ನಿಂದ ರೊಟ್ಟಿಯ ಗಂಟು ತೆಗೆದುಕೊಂಡು ಓಡಿದ. ಬಾಗಿಲಲ್ಲಿ ನಿಂತು ಏನೋ ಕೂಗಿದ. ಚಕ್ರದ ಸಪ್ಪಳಕ್ಕೆ ನಮಗಿಬ್ಬರಿಗೂ ಕೇಳಲಿಲ್ಲ. ಒಂಬತ್ತು ತಿಂಗಳು ಕಾದದ್ದಕ್ಕೆ ಬೆರಳಿಗೆ ಬೆರಳು ಸಹ ತಾಗಲಿಲ್ಲ.

ಕೊನೆಯ ಡಬ್ಬಿ ದಾಟುವ ಮೊದಲೇ ಅವಳು ತಿರುಗಿದಳು. ಎರಡು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

"ನಡೀರಿ ಮೌಶಿ. ಪಪ್ಪ ಐದಕ್ಕೆ ಮನೆಗೆ ಬರ್ತಾರೆ. ನೀವೂ ಜೊತೆಗೆ ಬರಬೇಕು."

ಬರುತ್ತೇನೆ ಅಂದೆ.

ಚಂದ್ರಾಮನ ಗಾಡಿ ಹೊರಟದ್ದು ಎರಡು ಸಾವಿರದ ಎರಡನೇ ಇಸವಿ, ಮೇ ಇಪ್ಪತ್ತೊಂದು, ಮಂಗಳವಾರ.